ಅಡಿಕೆ ಮೂಟೆಗಳ ಹೆರಿಗೆ ಮನೆ

ಮುತ್ತುಗದಕಟ್ಟೆ, ನ್ಯಾಮತಿ ಹತ್ತಿರ
14-6-1938

ಅಣ್ಣ ಮಹೇಶ್ವರಪ್ಪನವರಿಗೆ ತಂಗಿ ಕಸ್ತೂರಿಯ ಶರಣು. ನಾನು ಚೆನ್ನಾಗಿದ್ದೇನೆ. ನೀವು ಬಹಳ ಚೆನ್ನಾಗಿದ್ದೀರಿ ಎಂದು ಚನ್ನಗಿರಿಯಿಂದ ಬಂದವರೆಲ್ಲ ಹೇಳುತ್ತಾರೆ, ಆದ್ದರಿಂದ ಕೇಳುವುದಿಲ್ಲ.

ಯಜಮಾನರು ತೀರಿಕೊಂಡ ಮೇಲೆ ಜಗಳೂರಿನ ಸ್ಕೂಲು ಮನೆ ಬಿಟ್ಟು ನಾನು ಹುಟ್ಟಿದೂರಿಗೆ ಬಂದದ್ದು ನಿಮಗೆ ಗೊತ್ತು. ಅವರು ಉಳಿಸಿಟ್ಟದ್ದರಲ್ಲಿ ಕೊಂಡ ಈ ಪುಟ್ಟ ಮನೆಗೆ ನನ್ನ ಹೆಸರಿನಲ್ಲಿಯೇ ಕಂದಾಯ ಕಟ್ಟುತ್ತೇನೆ. ಈ ಕಾಗದ ಬರೆಯುತ್ತಿರುವುದು ತಂಗಿಯಾಗಿ ಅಲ್ಲ, ಕಂದಾಯ ಕಟ್ಟಿದವಳಾಗಿ. ಬರೆಯುತ್ತಿರುವುದು ಅಣ್ಣನಿಗಲ್ಲ, ನಮ್ಮ ಪಂಚಾಯ್ತಿಯ ಛೇರ್ಮನ್ನರಿಗೆ. ಛೇರ್ಮನ್ನರು ಚನ್ನಗಿರಿಯಲ್ಲಿ ಅಡಿಕೆ ಮಂಡಿ ಇಟ್ಟುಕೊಂಡು ಹಬ್ಬಕ್ಕೊಮ್ಮೆ ಊರಿಗೆ ಮುಖ ತೋರಿಸುವವರಾದರೆ ಅವರನ್ನು ಅಂಚೆಯಲ್ಲಿಯೇ ಮಾತಾಡಿಸಬೇಕಾಗುತ್ತದೆ.

ಕಳೆದ ದಸರೆಯಲ್ಲಿ ನೀವು ಹೆರಿಗೆ ಮನೆಯ ಬಾಗಿಲು ತೆರೆದಿರಿ. ನ್ಯಾಮತಿಯಿಂದ ಓಲಗದವರು ಬಂದಿದ್ದರು. ಇನ್ನು ಈ ಸುತ್ತಿನ ಯಾವ ತಾಯಿಯೂ ದಿಕ್ಕಿಲ್ಲದೆ ಹೆರಬೇಕಾಗಿಲ್ಲ ಎಂದು ನೀವು ಭಾಷಣ ಮಾಡಿದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತೇನೆ. ಬಾಗಿಲ ಮೇಲೆ ನಿಮ್ಮ ಹೆಸರಿನ ಕಲ್ಲು ಕೂತಿತು. ಅಷ್ಟು ದಪ್ಪ ಅಕ್ಷರ ನಮ್ಮ ಸ್ಕೂಲಿನ ಕರೀಹಲಗೆಯ ಮೇಲೂ ಇಲ್ಲ. ಮಾರನೆಯ ದಿನವೇ ಆ ಬಾಗಿಲಿಗೆ ಬೀಗ ಬಿತ್ತು. ಇಂದಿನವರೆಗೆ ಬಿದ್ದೇ ಇದೆ.

ಕಿಟಕಿಯ ಹತ್ತಿರ ನಿಂತರೆ ಒಳಗಿನಿಂದ ಅಡಿಕೆಯ ವಾಸನೆ ಬರುತ್ತದೆ. ಹೆರಿಗೆ ಮನೆಯಿಂದ ಬರಬೇಕಾದ ವಾಸನೆ ಅದಲ್ಲ ಎಂಬುದು ಗಂಡಸರಿಗೆ ತಿಳಿಯದಿರಬಹುದು.

ಬಾಗಿಲು ಯಾವಾಗ ತೆಗೆಸುತ್ತೀರಿ? ಪಂಚಾಯ್ತಿ ಗೊತ್ತುಮಾಡಿದ ನರ್ಸಮ್ಮ ಎಲ್ಲಿದ್ದಾಳೆ? ವರ್ಷಕ್ಕೊಮ್ಮೆ ಖರ್ಚಿನ ಲೆಕ್ಕವನ್ನು ಊರವರ ಮುಂದೆ ಓದಬೇಕಂತಲ್ಲ, ಅದನ್ನು ಯಾವತ್ತು ಓದುತ್ತೀರಿ? ಇಷ್ಟಕ್ಕೆ ಉತ್ತರ ಬರೆದರೆ ಸಾಕು.

ಅತ್ತಿಗೆಗೆ ನನ್ನ ಶರಣು ತಿಳಿಸಿ.

ನಿಮ್ಮ ತಂಗಿ
ಕಸ್ತೂರಿ


ಚನ್ನಗಿರಿ
22-6-1938

ಚಿ. ಕಸ್ತೂರಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಗುಮಾಸ್ತ ಹಾಲಸ್ವಾಮಿ ಮಂಡಿಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ. ವ್ಯಾಪಾರಕ್ಕೆ ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಳೆಗಾಲದಲ್ಲಿ ಮಂಡಿಗೆ ಇಷ್ಟು ನಗು ತಂದದ್ದಕ್ಕೆ ನಿನಗೆ ಉಪಕಾರ ಹೇಳಬೇಕು.

ಸ್ಕೂಲು ಮೇಷ್ಟರನ್ನು ಮದುವೆಯಾದವರಿಗೆಲ್ಲ ಇದೊಂದು ಕಾಯಿಲೆ. ಸಿಕ್ಕಿದವರಿಗೆಲ್ಲ ಪ್ರಶ್ನೆ ಹಾಕುವುದು, ಉತ್ತರ ಬರದಿದ್ದರೆ ಬೆಂಚಿನ ಮೇಲೆ ನಿಲ್ಲಿಸುವುದು. ಜಗಳೂರಿನ ಬಿಸಿಲು ಬೇರೆ ತಲೆಗೆ ಹೊಡೆದಿರಬೇಕು.

ಕಟ್ಟಡ ಸುಮ್ಮನೆ ಖಾಲಿ ಬಿದ್ದರೆ ಇಲಿ ಹೆಗ್ಗಣ ಸೇರುತ್ತವೆ. ಆದ್ದರಿಂದ ನನ್ನ ಮಾಲನ್ನು ಸ್ವಲ್ಪ ಕಾಲ ಅಲ್ಲಿಟ್ಟು ಅದನ್ನು ಕಾಪಾಡುತ್ತಿದ್ದೇನೆ. ಬೆಲೆ ಏರಿದ ಕೂಡಲೇ ತೆಗೆಸುತ್ತೇನೆ. ಇನ್ನು ಹೆರಿಗೆಯ ಮಾತು. ನಮ್ಮ ಅವ್ವ ನಿನ್ನನ್ನು ಹೆತ್ತದ್ದು ಗದ್ದೆಯ ಬದುವಿನ ಮೇಲೆ. ಸಂಜೆ ಎದ್ದು ಬಂದು ಅಡಿಗೆ ಮಾಡಿದಳು. ಅವಳು ಯಾವ ಛೇರ್ಮನ್ನನಿಗೂ ಕಾಗದ ಬರೆಯಲಿಲ್ಲ.

ಲೆಕ್ಕ ಓದಬೇಕು ಎನ್ನುತ್ತೀಯ. ಯಾರಿಗೆ ಓದಲಿ? ಅಲ್ಲಿರುವವರಲ್ಲಿ ಮುಕ್ಕಾಲು ಮಂದಿಗೆ ನಾನು ಓದಿದ್ದೂ ಒಂದೇ, ಅವರ ಎಮ್ಮೆ ಕೂಗಿದ್ದೂ ಒಂದೇ.

ಮನೆಯಲ್ಲಿ ಕೂತು ಬತ್ತಿ ಹೊಸೆ. ನಿನ್ನ ವಯಸ್ಸಿಗೆ ಅದು ಒಪ್ಪುತ್ತದೆ.

ಇತಿ,
ಮಹೇಶ್ವರಪ್ಪ


ಮುತ್ತುಗದಕಟ್ಟೆ
3-8-1938

ಅಣ್ಣನವರಿಗೆ,

ಈ ಸಲ ಕ್ಷೇಮ ಸಮಾಚಾರವಿಲ್ಲ. ಇದನ್ನೂ ಮಂಡಿಯಲ್ಲಿ ಗಟ್ಟಿಯಾಗಿ ಓದಿಸಿ.

ಕುರಿಯ ಹಿಂಡಿನ ಬೀರಲಿಂಗಪ್ಪನ ಹೆಂಡತಿ ಕರಿಯಕ್ಕನಿಗೆ ಇದು ಚೊಚ್ಚಲ ಬಸುರು. ಭಾನುವಾರ ಮುಂಜಾನೆಯಿಂದ ನೋವು ತಿನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಸೂಲಗಿತ್ತಿ ಚೌಡಕ್ಕ ಹೊಟ್ಟೆ ಮುಟ್ಟಿ ನೋಡಿ, "ಕೂಸು ಅಡ್ಡ ಐತೆ. ಇದು ನನ್ನ ಕೈಲಾಗಾಕಿಲ್ಲ. ಹೆರಿಗೆ ಮನೆಗೆ ಒಯ್ರಿ" ಎಂದಳು. ಪಾಪ, ಅವಳು ನಿಮ್ಮ ಭಾಷಣ ನಂಬಿದ್ದಳು. ಹಳ್ಳ ತುಂಬಿ ಹರಿಯುತ್ತಿದ್ದುದರಿಂದ ನ್ಯಾಮತಿಗೆ ಹೋಗುವ ದಾರಿಯೂ ಇರಲಿಲ್ಲ. ಸುರಿಯುವ ಮಳೆಯಲ್ಲಿ ಗಾಡಿ ಕಟ್ಟಿಕೊಂಡು ಅಲ್ಲಿಗೇ ಹೋದರು. ಸುದ್ದಿ ಕೇಳಿ ನಾನೂ ಓಡಿದೆ.

ನಿಮ್ಮ ಕಾವಲಿನ ಓಬಳಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಕೀಲಿ ಚನ್ನಗಿರ್ಯಾಗೆ ಐತ್ರೀ. ಸಾಹುಕಾರ್ರು ಚೀಟಿ ಕೊಟ್ರೆ ಮಾತ್ರ ತೆಗ್ಯಾದು."

"ಹೆಂಗಸು ಸಾಯ್ತಾ ಐತಲ್ಲೋ" ಎಂದ ಬೀರಲಿಂಗಪ್ಪ.

"ನಾನೇನು ಮಾಡ್ಲಪ್ಪಾ, ನಂಗೂ ಹೊಟ್ಟೆ ಐತೆ."

ಬೀರಲಿಂಗಪ್ಪ ದಾರಿಯ ಬದಿಯಿಂದ ಒಂದು ಕಲ್ಲು ತಂದು ಬೀಗ ಒಡೆದ. ಬಾಗಿಲು ಸ್ವಲ್ಪ ತೆರೆದುಕೊಂಡು ಅಲ್ಲಿಗೇ ನಿಂತಿತು, ಯಾಕೆಂದರೆ ಒಳಗೆ ಅದು ತೆರೆದುಕೊಳ್ಳುವುದಕ್ಕೂ ಜಾಗವಿರಲಿಲ್ಲ. ಮೂಟೆಗಳು ಜಂತೆಯವರೆಗೆ ಇದ್ದವು. ಒಂದು ಚಾಪೆ ಹಾಸುವಷ್ಟು ನೆಲ ಕಾಣಲಿಲ್ಲ. ಒಂದು ತೊಟ್ಟಿಲು ಮಾತ್ರ ಇತ್ತು. ದಸರೆಯ ದಿನ ನೀವು ಹೂ ಮುಡಿಸಿದ ತೊಟ್ಟಿಲು. ಅದರಲ್ಲೂ ಅಡಿಕೆ ತುಂಬಿತ್ತು.

ಕರಿಯಕ್ಕ ಜಗಲಿಯ ಮೇಲೆ ಹೆತ್ತಳು. ನಾವು ಹೆಂಗಸರು ಸೀರೆ ಹಿಡಿದು ಮರೆ ಮಾಡಿ ನಿಂತೆವು. ಗಾಳಿಗೆ ಸೀರೆ ನಿಲ್ಲುತ್ತಿರಲಿಲ್ಲ. ಎರಚಲು ಒಳಗೆ ಹೊಡೆಯುತ್ತಿತ್ತು. ಚೌಡಕ್ಕ ತನ್ನ ಕೈಲಾಗದ್ದನ್ನೂ ಮಾಡಿದಳು. ತಾಯಿ ಉಳಿದಳು. ಕೂಸು ಒಂದು ಸಲ ಅತ್ತಿತು, ಆಮೇಲೆ ಅಳಲಿಲ್ಲ.

ನಿಮ್ಮ ಮೂಟೆಗಳಿಗೆ ಒಂದು ಹನಿಯೂ ತಾಗಲಿಲ್ಲ. ಕಟ್ಟಡ ಗಟ್ಟಿಯಾಗಿದೆ, ಆ ಮಟ್ಟಿಗೆ ಊರಿನ ಹಣ ಪೋಲಾಗಿಲ್ಲ.

ಕಸ್ತೂರಮ್ಮ


ಚನ್ನಗಿರಿ
10-8-1938

ಕಸ್ತೂರಿಗೆ,

ಸುದ್ದಿ ತಿಳಿದು ಬೇಸರವಾಯಿತು. ಆ ಹೆಂಗಸಿಗೆ ಒಂದು ಸೀರೆ, ಒಂದಿಷ್ಟು ಜೋಳ ಕಳಿಸಿದ್ದೇನೆ. ನೀನೇ ಮುಟ್ಟಿಸು. ಕೊಟ್ಟದ್ದು ಯಾರೆಂದು ಹೇಳುವುದನ್ನು ಮರೆಯಬೇಡ.

ಹುಟ್ಟುವುದು ಸಾಯುವುದು ಶಿವನ ಇಚ್ಛೆ. ಅದನ್ನು ತಂದು ಪಂಚಾಯ್ತಿಯ ತಲೆಗೆ ಕಟ್ಟುವುದು ಬುದ್ಧಿವಂತರ ಲಕ್ಷಣವಲ್ಲ. ಬೀಗ ಒಡೆದದ್ದು ಮಾತ್ರ ಮನುಷ್ಯರು ಮಾಡಿದ ತಪ್ಪು. ಪೊಲೀಸಿಗೆ ಹೇಳದೆ ಬಿಟ್ಟಿದ್ದೇನೆ. ಇದು ನನ್ನ ದೊಡ್ಡತನ ಎಂದು ಬೀರಲಿಂಗಪ್ಪನಿಗೆ ತಿಳಿಸು. ಹೊಸ ಬೀಗ ಹಾಕಿಸಿದ್ದೇನೆ.

ಇತಿ,
ಮಹೇಶ್ವರಪ್ಪ


ಚನ್ನಗಿರಿ
19-8-1938

ಕಸ್ತೂರವ್ವಗೆ ಅತ್ತಿಗೆ ಶಿವಗಂಗಮ್ಮನ ಶರಣು.

ನಿನ್ನ ಮದುವೆಗೆ ಮುಂಚೆ ನೀನು ಅಟ್ಟದ ಮ್ಯಾಲೆ ಕುಂಡ್ರಿಸಿ ಕಲಿಸಿದ ಅಕ್ಷರ ಇವು. ಮರೆತಿಲ್ಲ, ಆದ್ರೆ ಸೊಟ್ಟ ಬರತಾವೆ. ಇದನ್ನ ಓದಿ ಒಲೆಗೆ ಹಾಕು. ಈ ಮನೆಯಾಗೆ ನಾನು ಬರೀತೀನಿ ಅಂತ ಯಾರಿಗೂ ಗೊತ್ತಿಲ್ಲ.

ನಿನ್ನ ಕಾಗದ ಮಂಡಿಯಾಗೆ ಓದಿದ್ದು ನಂಗೆ ಬಾಗಿಲ ಹಿಂದಿಂದ ಕೇಳಿಸ್ತು. ಈ ಸಲ ಯಾರೂ ನಗಲಿಲ್ಲ. ಅವರು ಮಾತ್ರ "ಹಾಲಸ್ವಾಮಿ, ಮುಂದಿನ ಕಾಗದ ನೋಡೋ" ಅಂದ್ರು.

ನರ್ಸಮ್ಮ ಎಲ್ಲಿ ಅಂತ ಕೇಳಿದ್ದಿ. ಪಂಚಾಯ್ತಿ ಪುಸ್ತಕದಾಗೆ ಹಾಲಸ್ವಾಮಿ ನಾದಿನಿಯ ಹೆಸರು ಹಾಕ್ಯಾರೆ. ಅವಳು ನಮ್ಮ ಅಡಿಗೆ ಮನೆಯಾಗೆ ರೊಟ್ಟಿ ಬಡೀತಾಳೆ. ಸಂಬಳ ಊರಿನದು, ರೊಟ್ಟಿ ನಮ್ಮದು. ಪಾಪ, ತನ್ನ ಹೆಸರು ಅಲ್ಲೈತೆ ಅಂತ ಅವಳಿಗೂ ಗೊತ್ತಿಲ್ಲ.

ಒಂದು ಮಾತು ಕೇಳ್ತೀನಿ. ಕರಿಯಕ್ಕನ ಕೂಸು ಗಂಡೋ ಹೆಣ್ಣೋ? ಯಾಕೆ ಕೇಳ್ತಿ ಅನ್ನಬ್ಯಾಡ.

ಶಿವಗಂಗಮ್ಮ


ಮುತ್ತುಗದಕಟ್ಟೆ
25-8-1938

ಅತ್ತಿಗೆ,

ಹೆಣ್ಣು. ತಲೆತುಂಬ ಕೂದಲಿತ್ತು.

ಯಾಕೆ ಎಂದು ಕೇಳುವುದಿಲ್ಲ. ನಿಮ್ಮ ಕೂಸು ಹೋದ ವರ್ಷ ನಾನು ಜಗಳೂರಿನಲ್ಲಿದ್ದೆ. ಬರಬೇಕಿತ್ತು, ಯಾರೂ ಹೇಳಿಕಳಿಸಲಿಲ್ಲ.

ನಿಮ್ಮ ಕಾಗದವನ್ನು ಒಲೆಗೆ ಹಾಕಿದ್ದೇನೆ. ಅಕ್ಷರ ಚೆನ್ನಾಗಿವೆ. ಒತ್ತಕ್ಷರ ಮಾತ್ರ ಇನ್ನೂ ಪಕ್ಕದ ಮನೆಗೆ ಹೋಗುತ್ತಿವೆ.

ಕಸ್ತೂರಿ


ಮುತ್ತುಗದಕಟ್ಟೆ
21-11-1938

ಛೇರ್ಮನ್ ಮಹೇಶ್ವರಪ್ಪನವರಿಗೆ,

ನಿನ್ನೆಯ ನಾಟಕ ಬಹಳ ಚೆನ್ನಾಗಿತ್ತು. ನೀವು ಅಧಿಕಾರಿಯ ಪಕ್ಕದಲ್ಲಿ ನಡೆಯುತ್ತ ಪರದೆಯ ಮುಂದೆಯೇ ಇದ್ದಿರಿ. ಪರದೆಯ ಹಿಂದಿನದು ನಿಮಗೆ ಪೂರ್ತಿ ಕಂಡಿರಲಾರದು. ಅದಕ್ಕೇ ಬರೆಯುತ್ತಿದ್ದೇನೆ.

ಊರಿನ ಹೆಂಗಸರು ಹೆಬ್ಬೆಟ್ಟು ಒತ್ತಿದ ಅರ್ಜಿಯನ್ನು ನಾನು ಮೇಲಕ್ಕೆ ಕಳಿಸಿದ್ದೆ. ತನಿಖೆಗೆ ಬರುತ್ತಾರೆ ಎಂಬ ಸುದ್ದಿ ನಮಗಿಂತ ಮೊದಲು ನಿಮಗೆ ಮುಟ್ಟಿತು, ಅದರಲ್ಲಿ ಆಶ್ಚರ್ಯವಿಲ್ಲ. ಹಿಂದಿನ ದಿನ ನಿಮ್ಮ ಗಾಡಿಗಳು ಬಂದು ಮೂಟೆಗಳನ್ನೆಲ್ಲ ಸ್ಕೂಲಿಗೆ ಸಾಗಿಸಿದವು. ಮಕ್ಕಳಿಗೆ ರಜೆ ಸಿಕ್ಕಿತು. ನಿಮ್ಮ ಛೇರ್ಮನ್‌ಗಿರಿಯಿಂದ ಈ ಊರಿನಲ್ಲಿ ಯಾರಿಗಾದರೂ ಸಂತೋಷವಾಗಿದ್ದರೆ ಆ ಮಕ್ಕಳಿಗೆ. ಒಬ್ಬರ ಮನೆಯಿಂದ ಮಂಚ, ಇನ್ನೊಬ್ಬರ ಮನೆಯಿಂದ ಹಾಸಿಗೆ ಬಂತು. ಬಿಳಿ ಹೊದಿಕೆ ಮಾತ್ರ ನಿಮ್ಮದು, ಹಾಲಸ್ವಾಮಿ ಚನ್ನಗಿರಿಯಿಂದಲೇ ಹೊತ್ತು ತಂದ.

ಆಮೇಲೆ ರೋಗಿಗಳು ಬೇಕಾದರು. ನಿಮ್ಮ ಜಾಗದಲ್ಲಿ ಗುಡಿಸಲು ಹಾಕಿಕೊಂಡವರನ್ನು ಕರೆಸಿದಿರಿ. ಬಸುರಿಯರು ಬರಲೊಪ್ಪಲಿಲ್ಲ, ದೃಷ್ಟಿಯಾಗುತ್ತದೆ ಎಂದರು. ಕೊನೆಗೆ ಮಂಚದ ಮೇಲೆ ಮಲಗಿದವಳು ಸೂಲಗಿತ್ತಿ ಚೌಡಕ್ಕ. ತಲೆಯೆಲ್ಲ ಬಿಳಿ, ಬಾಯಲ್ಲಿ ಹಲ್ಲಿಲ್ಲ, ಮೊಮ್ಮಗಳಿಗೆ ಮದುವೆಯಾಗಿದೆ. ಹೊಟ್ಟೆಗೆ ದಿಂಬು ಕಟ್ಟಿದ್ದರು.

ನನ್ನನ್ನು ಓಬಳಪ್ಪ ಬಾಗಿಲಲ್ಲಿ ತಡೆದ. ಕಿಟಕಿಯಿಂದ ಎಲ್ಲ ಕೇಳಿಸಿತು. ಅಧಿಕಾರಿ, "ಎಷ್ಟು ತಿಂಗಳಾಯಿತಮ್ಮ?" ಎಂದು ಕೇಳಿದರು. ಚೌಡಕ್ಕ, "ಭಾಳ ವರ್ಷ ಆತ್ರೀ ಸ್ವಾಮಿ" ಎಂದಳು. ನೀವು ಜೋರಾಗಿ ಕೆಮ್ಮಿದಿರಿ. ಅವರು ಸುಮ್ಮನೆ ಏನೋ ಬರೆದುಕೊಂಡು ಕಾಫಿಗೆ ಹೊರಟರು. ಎಲ್ಲ ತೃಪ್ತಿಕರ ಎಂದು ಬರೆದಿದ್ದಾರಂತೆ. ಬಿಳಿ ಕೂದಲಿನ ಬಸುರಿಯನ್ನು ನೋಡಿ ತೃಪ್ತರಾಗುವ ಕಣ್ಣುಗಳಿಗೆ ಸರ್ಕಾರ ಸಂಬಳ ಕೊಡುತ್ತದೆ.

ಅವರು ಹೋದ ಮೇಲೆ ಚೌಡಕ್ಕನನ್ನು ಹಿಡಿದು ಕೇಳಿದೆ. "ಆ ಜಗಲಿಯ ಮೇಲೆ ಸತ್ತ ಕೂಸನ್ನ ಎತ್ತಿದ ಕೈ ಇದು. ನಾಚಿಕೆ ಆಗಲಿಲ್ಲವೇನೇ?"

ಅವಳು ದಿಂಬು ಬಿಚ್ಚುತ್ತಿದ್ದಳು. "ಆತವ್ವಾ" ಎಂದಳು. "ನಂಗೆ ಇರಾಕೆ ಇನ್ನೊಂದು ಜಾಗ ತೋರ್ಸು. ಈಗ್ಲೇ ಓಡಿ ಹೋಗಿ ಸಾಹೇಬ್ರ ಕಾರಿಗೆ ಅಡ್ಡ ಮಲಗ್ತೀನಿ."

ದಿಂಬಿನ ಗಂಟು ಬಿಚ್ಚುವುದಕ್ಕೆ ನಾನೂ ಕೈ ಹಾಕಿದೆ. ಅದನ್ನೂ ನಿಮಗೆ ಬರೆಯುತ್ತಿದ್ದೇನೆ, ನೀವು ನಗುವುದಕ್ಕೆ ಅನುಕೂಲವಾಗಲಿ.

ಇಂದು ಮೂಟೆಗಳು ಮರಳಿ ಬಂದಿವೆ.

ಕಸ್ತೂರಮ್ಮ


ಚನ್ನಗಿರಿ
2-12-1938

ಕಸ್ತೂರಿಗೆ,

ಸರ್ಕಾರವೇ ತೃಪ್ತಿಕರ ಎಂದ ಮೇಲೆ ನಿನ್ನ ತೃಪ್ತಿ ಯಾರಿಗೆ ಬೇಕು?

ಆದರೂ ಒಡಹುಟ್ಟಿದವಳು. ಊರವರು ಆಡಿಕೊಳ್ಳುವುದು ನನಗೆ ಇಷ್ಟವಿಲ್ಲ. ಒಂದು ಮಾತು ಹೇಳುತ್ತೇನೆ. ಹೆರಿಗೆ ಮನೆಯ ಕಲ್ಲಿನ ಮೇಲೆ ನನ್ನ ಹೆಸರಿನ ಕೆಳಗೆ ಅವ್ವನ ಹೆಸರನ್ನೂ ಕೆತ್ತಿಸುತ್ತೇನೆ. ಕೆತ್ತುವ ದಿನ ನೀನು ಪೂಜೆಗೆ ಕೂಡ್ರು. ಎಲ್ಲರ ಮುಂದೆ ನಿನಗೊಂದು ಸೀರೆ ಉಡಿಸುತ್ತೇನೆ. ಅಲ್ಲಿಗೆ ಈ ಕಾಗದದ ಜಗಳ ನಿಲ್ಲಲಿ.

ಚುನಾವಣೆ ಹತ್ತಿರ ಬಂತು. ಬೀರಲಿಂಗಪ್ಪ ನನ್ನ ಎದುರು ನಿಲ್ಲುತ್ತಾನೆಂದು ಹಾಲಸ್ವಾಮಿ ಹೇಳಿದ. ಕಂಬಳಿ ಹೊದ್ದವನು ಖುರ್ಚಿಯ ಮೇಲೆ ಕೂತು ಏನು ಮಾಡುತ್ತಾನೆ? ಮೆಂಬರುಗಳನ್ನು ಎಣಿಸಿ ಸಂಜೆ ದೊಡ್ಡಿಗೆ ಕೂಡುತ್ತಾನೆಯೆ? ನಿಲ್ಲುವುದಿದ್ದರೆ ನೀನೇ ನಿಲ್ಲಬೇಕಿತ್ತು. ನಿನ್ನನ್ನು ಸೋಲಿಸುವುದರಲ್ಲಿ ಸ್ವಲ್ಪವಾದರೂ ಮರ್ಯಾದೆ ಇರುತ್ತಿತ್ತು.

ಇತಿ,
ಮಹೇಶ್ವರಪ್ಪ


ಮುತ್ತುಗದಕಟ್ಟೆ
9-1-1939

ಮಹೇಶ್ವರಪ್ಪನವರಿಗೆ,

ಅವ್ವನ ಹೆಸರನ್ನು ಅಡಿಕೆ ಗೋದಾಮಿನ ಬಾಗಿಲಿಗೆ ಹಾಕಬೇಡಿ. ಇದ್ದಾಗ ಅವಳು ನಿಮ್ಮನ್ನು ಏನೂ ಕೇಳಲಿಲ್ಲ, ಸತ್ತ ಮೇಲೆ ನಿಮ್ಮ ಕೆಳಗೆ ನಿಲ್ಲುವುದು ಬೇಡ. ಸೀರೆ ನನ್ನಲ್ಲಿದೆ.

ನಾನೇ ನಿಲ್ಲಬಹುದಿತ್ತು. ನಿಂತಿದ್ದರೆ ಊರಿನವರು ಇದನ್ನು ಅಣ್ಣ ತಂಗಿಯರ ಆಸ್ತಿ ಜಗಳ ಮಾಡಿ, ಎಲೆ ಅಡಿಕೆ ಹಾಕಿಕೊಂಡು ನೋಡುತ್ತ ಕೂಡ್ರುತ್ತಿದ್ದರು. ಬೀರಲಿಂಗಪ್ಪ ಕೂಸನ್ನು ಕಳೆದುಕೊಂಡವನು. ಅವನು ಕೇಳುವುದು ಎರಡೇ ಮಾತು. ಬಾಗಿಲು ತೆಗೆಯಿರಿ, ಲೆಕ್ಕ ಓದಿರಿ. ಖುರ್ಚಿಯ ಮೇಲೆ ಕೂಡ್ರುವುದಕ್ಕೆ ಅಷ್ಟು ಸಾಕು. ನಿಮಗೆ ಖುರ್ಚಿಯ ಜೊತೆಗೆ ಓಲಗ, ಹಾರ, ಕಲ್ಲು ಎಲ್ಲ ಬೇಕಾಯಿತು.

ಮನೆ ಮನೆಗೆ ಹೋಗಿ ಬಂದೆ. ನಿಮಗೆ ಸಂತೋಷವಾಗುವ ಸುದ್ದಿ ಹೇಳುತ್ತೇನೆ. ಇವರು ನಿಮಗೆ ತಕ್ಕ ಪ್ರಜೆಗಳು, ಹೇಡಿಗಳು. ಒಬ್ಬ ಬಾಗಿಲ ಸಂದಿಯಿಂದ, "ನಿಮ್ಮ ಮಾತು ಖರೆ ಐತ್ರೀ ಅಕ್ಕಾರೆ, ಆದ್ರೆ ಮಗಳ ಮದುವಿ ಸಾಲ ಸಾಹುಕಾರ್ರ ಹತ್ರ ಐತೆ" ಎಂದ. ಇನ್ನೊಬ್ಬ, "ಗುಟ್ಟಾಗಿ ವೋಟು ಹಾಕೋದಿದ್ರೆ ಹಾಕ್ತಿದ್ವಿ. ಎಲ್ರೆದುರು ಕೈ ಎತ್ತಬೇಕಲ್ರೀ" ಎಂದ. ಕರಿಯಕ್ಕನ ನೋವು ಕೇಳಿ ಅತ್ತವರೇ ಇವರೆಲ್ಲ. ಅಳುವುದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ, ಆದ್ದರಿಂದ ಧಾರಾಳವಾಗಿ ಅಳುತ್ತಾರೆ. ಕೆಲವು ಸಲ ನಿಮಗಿಂತ ಇವರ ಮೇಲೆಯೇ ನನಗೆ ಹೆಚ್ಚು ಅಸಹ್ಯವಾಗುತ್ತದೆ. ನಿಮ್ಮಲ್ಲಿ ದುರಾಸೆಯಾದರೂ ಇದೆ.

ಆದರೂ ದಿನವೂ ಹೋಗುತ್ತಿದ್ದೇನೆ.

ಕಸ್ತೂರಮ್ಮ


ಚನ್ನಗಿರಿ
4-2-1939

ಕಸ್ತೂರಿಗೆ,

ಹನ್ನೆರಡನೆಯ ತಾರೀಖಿನ ಚುನಾವಣೆಗೆ ನಾನು ಬರುವುದಿಲ್ಲ. ಅದೇ ದಿನ ಶಿವಮೊಗ್ಗೆಯಲ್ಲಿ ವರ್ತಕರು ನನಗೆ ಸನ್ಮಾನ ಇಟ್ಟುಕೊಂಡಿದ್ದಾರೆ. ಕುರಿಯವನ ಜೊತೆ ಪೈಪೋಟಿಗೆ ನಾನು ಖುದ್ದು ಬಂದು ನಿಂತರೆ ನನಗೇ ಅವಮಾನ.

ಊರಿನ ಮನೆ ನಿನ್ನ ಅತ್ತಿಗೆಯ ಹೆಸರಿನಲ್ಲಿದೆ. ಮಂಡಿಯ ವ್ಯಾಜ್ಯ ಬಂದಾಗ ವಕೀಲರು ಹೇಳಿದರೆಂದು ಹಾಗೆ ಮಾಡಿದ್ದೆ. ಕಂದಾಯ ಅವಳ ಹೆಸರಿಗಿರುವುದರಿಂದ ವೋಟೂ ಅವಳಿಗಿದೆ, ಅದನ್ನು ಯಾಕೆ ಕಳೆಯಬೇಕು? ಬಾಡಿಗೆ ಮೋಟಾರಿನಲ್ಲಿ ಅವಳು ಬರುತ್ತಾಳೆ, ಹಾಲಸ್ವಾಮಿ ಜೊತೆಗಿರುತ್ತಾನೆ. ಆ ಕಡೆ ಕೈ ಎತ್ತಿದವರ ಹೆಸರನ್ನು ಅವನು ಬರೆದುಕೊಳ್ಳುತ್ತಾನೆ. ಇದನ್ನು ನಿನ್ನ ಜನಕ್ಕೆ ಮುಂಚೆಯೇ ತಿಳಿಸಿಬಿಡು. ಆಮೇಲೆ ಸಾಹುಕಾರರು ಹೇಳಲಿಲ್ಲ ಎನ್ನಬಾರದು.

ಇತಿ,
ಮಹೇಶ್ವರಪ್ಪ


ಮುತ್ತುಗದಕಟ್ಟೆ
13-2-1939

ಮಹೇಶ್ವರಪ್ಪನವರಿಗೆ,

ನೀವು ಬರಲಿಲ್ಲ. ಆದ್ದರಿಂದ ನಡೆದದ್ದನ್ನು ನಿಮಗೆ ಹೇಳುವ ಸಂತೋಷ ನನ್ನ ಪಾಲಿಗೆ ಬಂದಿದೆ. ಹಾಲಸ್ವಾಮಿ ಇಷ್ಟು ಹೊತ್ತಿಗೆ ಹೇಳಿರುತ್ತಾನೆ, ಆದರೆ ಅವನು ಅಳುತ್ತ ಹೇಳಿರುತ್ತಾನೆ.

ಸ್ಕೂಲಿನ ಮುಂದಿನ ಬಯಲಿನಲ್ಲಿ ಎಲ್ಲರನ್ನೂ ಕೂಡ್ರಿಸಿದರು. ಚುನಾವಣೆ ನಡೆಸಲು ಬಂದವರು ಬೇರೆ ಅಧಿಕಾರಿ, ವಯಸ್ಸು ಚಿಕ್ಕದು, ಕಾಫಿ ಬೇಡವೆಂದರು. ಅತ್ತಿಗೆ ಮೋಟಾರಿನಿಂದ ಇಳಿದಾಗ ಜನ ಎದ್ದು ದಾರಿ ಬಿಟ್ಟರು. ಹಾಲಸ್ವಾಮಿ ಅವರಿಗೆ ಚಪ್ಪರದ ಕೆಳಗೆ ಎಲ್ಲರಿಗೂ ಕಾಣುವಂತೆ ಖುರ್ಚಿ ಹಾಕಿಸಿದ. ತಾನು ಪಕ್ಕದಲ್ಲಿ ಕಾಗದ ಪೆನ್ಸಿಲು ಹಿಡಿದು ನಿಂತ. ಅತ್ತಿಗೆ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಸತ್ಯ ಹೇಳಬೇಕೆಂದರೆ, ಅವರೂ ನಿಮ್ಮ ಮೂಟೆಗಳಲ್ಲಿ ಒಂದಾಗಿ ಬಂದಿದ್ದಾರೆ ಎಂದೇ ನಾನು ತಿಳಿದೆ.

ಅಕ್ಷರಮಾಲೆಯ ಪ್ರಕಾರ ಬೀರಲಿಂಗಪ್ಪನ ಹೆಸರು ಮೊದಲು. "ಬೀರಲಿಂಗಪ್ಪನಿಗೆ ಯಾರು?" ಎಂದು ಅಧಿಕಾರಿ ಕೂಗಿದರು.

ನಾನು ಎತ್ತಿದೆ. ಬೀರಲಿಂಗಪ್ಪ ಎತ್ತಿದ. ಅಷ್ಟೇ. ಹಾಲಸ್ವಾಮಿ ಪೆನ್ಸಿಲು ನಾಲಗೆಗೆ ತಾಗಿಸಿಕೊಂಡು ಸಭೆಯನ್ನೆಲ್ಲ ಕಣ್ಣಲ್ಲಿ ಒಂದು ಸುತ್ತು ಹಾಕಿದ. ಗಂಡಸರೆಲ್ಲ ನೆಲ ನೋಡುತ್ತಿದ್ದರು. ಅಷ್ಟು ಆಸಕ್ತಿಯಿಂದ ನೋಡುವಂಥದ್ದು ಆ ನೆಲದಲ್ಲಿ ಏನೂ ಇರಲಿಲ್ಲ. ವೋಟಿಲ್ಲದ ಹೆಂಗಸರು ಬೇಲಿಯಾಚೆ ನಿಂತಿದ್ದರು. ಕರಿಯಕ್ಕ ಅವರ ನಡುವೆ ಇದ್ದಳು.

ಆಗ ಚಪ್ಪರದ ಕೆಳಗೆ ಬಳೆಯ ಸದ್ದಾಯಿತು. ಅತ್ತಿಗೆ ಕೈ ಎತ್ತಿದ್ದರು.

ಹಾಲಸ್ವಾಮಿ ಬಗ್ಗಿ ಪಿಸುಗುಟ್ಟಿದ. "ಅಮ್ಮಾರೆ, ಇದಲ್ಲ, ಇದಲ್ಲ. ನಮ್ಮದು ಆಮ್ಯಾಲೆ ಕೂಗ್ತಾರೆ. ಕೈ ಇಳಿಸ್ರಿ."

ಅತ್ತಿಗೆ ಇಳಿಸಲಿಲ್ಲ. ಅವರು ಪಿಸುಗುಟ್ಟಲೂ ಇಲ್ಲ. "ಗೊತ್ತೈತೆ ಹಾಲಸ್ವಾಮಿ. ಹೆಸರು ಬರ್ಕೊಳ್ಳಾಕೆ ನಿಂತೀಯಲ್ಲ? ಮೊದಲು ನನ್ನ ಹೆಸರು ಬರ್ಕೊ."

ಅವನ ಪೆನ್ಸಿಲು ಬರೆಯಲಿಲ್ಲ. ಸಾಹುಕಾರರ ಹೆಂಡತಿಯ ಹೆಸರನ್ನು ಸಾಹುಕಾರರಿಗೆ ಒಪ್ಪಿಸುವುದು ಹೇಗೆಂದು ನೀವು ಅವನಿಗೆ ಹೇಳಿಕೊಟ್ಟಿರಲಿಲ್ಲ.

ಮಗಳ ಮದುವೆಯ ಸಾಲ ಮಾಡಿದವನು ತಲೆಯೆತ್ತಿ ಅತ್ತಿಗೆಯನ್ನು ನೋಡಿದ. ಆಮೇಲೆ ಕೈ ಎತ್ತಿದ, ಮೊಣಕೈವರೆಗೆ, ಬೆನ್ನು ಕೆರೆದುಕೊಳ್ಳುವವನ ಹಾಗೆ. ಅವನ ಪಕ್ಕದವನು ಎತ್ತಿದ. ಹಿಂದಿನ ಸಾಲಿನಲ್ಲಿ ಎತ್ತಿದರು. ಅಧಿಕಾರಿ ಮತ್ತೆ ಮತ್ತೆ ಎಣಿಸಬೇಕಾಯಿತು. ನಿಮ್ಮ ಹೆಸರು ಕೂಗಿದಾಗ ಉಳಿದ ಕೈಗಳು ಎದ್ದವು. ಸಾಲಲಿಲ್ಲ.

ಇವರನ್ನು ಹೇಡಿಗಳೆಂದು ನಿಮಗೆ ಬರೆದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಳ್ಳುವುದಿಲ್ಲ. ಆದರೆ ನಿನ್ನೆ ಸ್ವಲ್ಪ ಹೊತ್ತು ಅವರು ಹೇಡಿಗಳಾಗಿರಲಿಲ್ಲ, ಅದನ್ನೂ ಬರೆಯಬೇಕು.

ಮೋಟಾರು ಖಾಲಿ ಬಂತೆಂದು ಗಾಬರಿಯಾಗಬೇಡಿ. ಅತ್ತಿಗೆ ನನ್ನ ಮನೆಯಲ್ಲಿದ್ದಾರೆ.

ಶಿವಮೊಗ್ಗೆಯ ಹಾರ ಗಂಧದ್ದೋ ಹೂವಿನದೋ?

ಕಸ್ತೂರಮ್ಮ


ಚನ್ನಗಿರಿ
20-2-1939

ಕಸ್ತೂರಿಗೆ,

ನಿನ್ನ ಜೊತೆ ನನಗೆ ಮಾತಿಲ್ಲ. ಇದನ್ನು ನಿನ್ನ ಅತ್ತಿಗೆಗೆ ಓದಿ ಹೇಳು.

ನೀನು ಬುದ್ಧಿಯಿಲ್ಲದವಳು, ಗಲಿಬಿಲಿಯಾಗಿ ತಪ್ಪು ಹೊತ್ತಿನಲ್ಲಿ ಕೈ ಎತ್ತಿದ್ದೀ. ಇದು ಎಲ್ಲರಿಗೂ ಗೊತ್ತು. ವಕೀಲರು ಒಂದು ಹೇಳಿಕೆ ಬರೆದುಕೊಟ್ಟಿದ್ದಾರೆ. ನಾನು ಓದು ಬರಹ ಬಾರದವಳು, ಯಾರಿಗೆ ಕೈ ಎತ್ತುತ್ತಿದ್ದೇನೆಂದು ತಿಳಿಯದೆ ಎತ್ತಿದೆ, ನನ್ನನ್ನು ನೋಡಿ ಉಳಿದವರೂ ದಾರಿ ತಪ್ಪಿದರು ಎಂದು ಅದರಲ್ಲಿದೆ. ಅದನ್ನು ಇದರ ಜೊತೆ ಕಳಿಸಿದ್ದೇನೆ. ಕೆಳಗೆ ಹೆಬ್ಬೆಟ್ಟು ಒತ್ತಿ ಹಾಲಸ್ವಾಮಿಯ ಕೈಗೆ ಕೊಡು. ಅದು ಮೇಲಕ್ಕೆ ಹೋದರೆ ಚುನಾವಣೆ ರದ್ದಾಗುತ್ತದೆ. ಅವನು ತರುವ ಮೋಟಾರಿನಲ್ಲಿ ನೀನೂ ಬಂದುಬಿಡು. ಏನೂ ನಡೆಯಲಿಲ್ಲವೆಂದು ನಾನು ಸುಮ್ಮನಿರುತ್ತೇನೆ.

ಮಹೇಶ್ವರಪ್ಪ


ಮುತ್ತುಗದಕಟ್ಟೆ
26-2-1939

ಮನೆಯವರಿಗೆ ಶಿವಗಂಗಮ್ಮ ಶರಣು ಮಾಡಿ ಬರೆಯಾದು.

ಇದು ನನ್ನ ಕೈಬರಹ. ಕಸ್ತೂರವ್ವ ಬರೆದಾಳೆ ಅಂತ ತಿಳೀಬ್ಯಾಡ್ರಿ. ಅವಳ ಅಕ್ಷರ ಇಷ್ಟು ಸೊಟ್ಟ ಇರಾಕಿಲ್ಲ. ನಾನು ಓದಾಕೆ ಬರೆಯಾಕೆ ಕಲಿತು ಭಾಳ ವರ್ಷ ಆತು. ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ದಿನಾ ಮಂಡಿಯಿಂದ ಪೊಟ್ಟಣ ಕಟ್ಟಿ ಬರೋ ಕಾಗದ ಎಲ್ಲಾ ಓದ್ತಿದ್ದೆ.

ಮೋಟಾರು ಹತ್ತೋವಾಗ ನೀವು ಏನಂದ್ರಿ ನೆನಪೈತೇನು? "ಹೋಗಿ ಕೈ ಎತ್ತಿ ಬಾ" ಅಂದ್ರಿ. ಯಾರಿಗೆ ಅಂತ ಹೇಳಲಿಲ್ಲ. ಹೇಳಬೇಕು ಅಂತ ನಿಮಗೆ ಅನ್ನಿಸ್ಲೇ ಇಲ್ಲ. ಎತ್ತಿಗಾದ್ರೂ ಯಾವ ಕಡೆ ತಿರುಗಬೇಕು ಅಂತ ಹಗ್ಗ ಜಗ್ಗಿ ಹೇಳ್ತಾರೆ. ದಾರಿ ಉದ್ದಕ್ಕೂ ನಂಗೆ ನಗು ಬರ್ತಿತ್ತು. ಹಾಲಸ್ವಾಮಿ, "ಯಾಕ್ರೀ ಅಮ್ಮಾರೆ" ಅಂತ ಕೇಳಿದ. ಗಾಳಿ ಚೆನ್ನಾಗೈತೆ ಅಂದೆ.

ನಿಮ್ಮ ಮೂಟೆ ಎಲ್ಲಾ ಜಗಲಿಗೆ ತಂದು ಇಟ್ಟೀವಿ. ಒಂದು ಅಡಿಕೆಯೂ ಕಳ್ದಿಲ್ಲ, ಓಬಳಪ್ಪ ಈಗಲೂ ಕಾಯ್ತಾನೆ. ಮಳೆ ಬರೋಕೆ ಮುಂಚೆ ಗಾಡಿ ಕಳಿಸ್ರಿ. ಒಳಗೆ ಸುಣ್ಣ ಬಳೀತಾ ಇದಾರೆ. ಚೌಡಕ್ಕನ ಗುಡಿಸ್ಲು ನೀವು ಕೀಳಿಸ್ತೀರಿ ಅಂತ ಸುದ್ದಿ ಬಂತು. ಆಕೆ ಈಗ ನನ್ನ ಹೆಸರಲ್ಲಿರೋ ಮನೆಯ ಪಡಸಾಲೆಯಾಗೆ ಇದಾಳೆ. ಅಲ್ಲಿಂದ ಎಬ್ಬಿಸಾಕೆ ನಿಮ್ಮ ವಕೀಲರಿಗೂ ಬರಾಕಿಲ್ಲ, ಅವರೇ ಮಾಡಿಸಿದ ಪತ್ರ.

ಹೊಸ ಮೆಂಬರುಗಳು ಲೆಕ್ಕ ಓದೋ ದಿನ ಗೊತ್ತು ಮಾಡ್ಯಾರೆ. ಹಿಂದಿನ ಛೇರ್ಮನ್ನರು ಬಂದು ಉತ್ತರ ಹೇಳಬೇಕಂತೆ. ನಿಮಗೆ ಬೇರೆ ಕಾಗದ ಬರತೈತೆ. ಬರ್ರಿ. ರೊಟ್ಟಿ ಬಡಿಯೋ ಹುಡುಗೀನೂ ಕರ್ಕೊಂಡು ಬರ್ರಿ, ಆಕೆ ಹೆಸರಲ್ಲಿ ಯಾರು ಸಂಬಳ ತಗೊಂಡ್ರು ಅಂತ ಆಕೆನೂ ಕೇಳ್ಲಿ.

ನಾನು ಚನ್ನಗಿರಿಗೆ ಬರೋದು ಬಿಡೋದು ಆಮ್ಯಾಲಿನ ಮಾತು. ನೀವು ಆವತ್ತು ಏನು ಉತ್ತರ ಹೇಳ್ತೀರೋ ಕೇಳಿ ಹೇಳ್ತೀನಿ.

ವಕೀಲರ ಹೇಳಿಕೆ ಓದಿದೆ. ಅದರಾಗೆ ಒಂದು ಮಾತೂ ಖರೆ ಇಲ್ಲ. ಕಾಗದ ಮಾತ್ರ ಒಳ್ಳೇದಿತ್ತು, ಹಿಂದ್ಗಡೆ ಖಾಲಿ ಇತ್ತು. ಅದರ ಮ್ಯಾಲೇ ಇದನ್ನ ಬರೆದೀನಿ. ಇದರ ಇನ್ನೊಂದು ಪ್ರತಿ ಚುನಾವಣೆ ನಡೆಸಿದ ಸಾಹೇಬರಿಗೆ ಹೋಗೈತೆ.

ಬೀರಲಿಂಗಪ್ಪಗೆ ನಾನು ತಿಳಿದೇ ಕೈ ಎತ್ತಿದೆ. ಹೆಬ್ಬೆಟ್ಟು ಬ್ಯಾಡ, ರುಜು ಹಾಕೀನಿ.

ಶಿವಗಂಗಮ್ಮ